ತಾರಸಿಯ ಬಿಸಿನೀರಿನ ಪೈಪಿಗೆ ಫೋಮ್: ಬೆಂಗಳೂರಿನ ಚಳಿ, ಬಿಸಿಲು ಎರಡಕ್ಕೂ ತಡೆಯುವಂತೆ ಹಾಕುವುದು ಹೇಗೆ

ಬೆಂಗಳೂರಿನಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟುವುದಿಲ್ಲ. ಈ ಊರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಈಗೆಲ್ಲ ಡಿಸೆಂಬರ್, ಜನವರಿಯ ಬೆಳಗ್ಗೆ ಸಾಮಾನ್ಯವಾಗಿ 15-16 ಡಿಗ್ರಿ ಆಸುಪಾಸು. ಸ್ವೆಟರ್, ಮಫ್ಲರ್ ಬೀರುವಿನಿಂದ ಹೊರಗೆ ಬರಲು ಅಷ್ಟು ಸಾಕು, ಪೈಪ್ ಒಡೆಯಲು ಸಾಲದು. ಆದರೂ ಚಳಿಗಾಲದಲ್ಲಿ ತಾರಸಿ ಪೈಪಿನ ತಕರಾರು ಇದ್ದೇ ಇರುತ್ತದೆ. ಮೇಲೆ ಸೋಲಾರ್ ಟ್ಯಾಂಕಿನಲ್ಲಿ ನೀರು ಸುಡುತ್ತಿರುತ್ತದೆ. ಕೆಳಗೆ ಬಚ್ಚಲಲ್ಲಿ ಅರ್ಧ ಬಕೆಟ್ ತಣ್ಣೀರು ಸುರಿದ ಮೇಲೆಯೇ ಬೆಚ್ಚಗಿನದು ಇಳಿಯುತ್ತದೆ.

“ಫೋಮ್ ಹಾಕಿಸಿಬಿಡಿ ಸಾರ್” ಅನ್ನುತ್ತಾರೆ ಪ್ಲಂಬರ್. ಹಾಕಿಸುತ್ತೇವೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಕರಿ ಫೋಮ್ ಬಿರುಕು ಬಿಟ್ಟಿರುತ್ತದೆ. ಮುಟ್ಟಿದರೆ ಪುಡಿ ಉದುರುತ್ತದೆ, ಕೈಗೆಲ್ಲ ಮಸಿ. ಜಯನಗರವಿರಲಿ, ಯಲಹಂಕವಿರಲಿ, ತಾರಸಿ ಹತ್ತಿದರೆ ಇದೇ ಕಥೆ. ಚಳಿಗೆ ಅಂತ ಹಾಕಿದ್ದನ್ನು ಬಿಸಿಲು ತಿಂದಿರುತ್ತದೆ. ಆದ್ದರಿಂದ ಫೋಮ್ ತೊಡಿಸುವುದು ಅರ್ಧ ಕೆಲಸ, ಆ ಫೋಮನ್ನು ಬಿಸಿಲಿನಿಂದ ಮುಚ್ಚುವುದು ಇನ್ನರ್ಧ. ಎರಡನೆಯದನ್ನು ಬಿಟ್ಟರೆ ಮೊದಲನೆಯದಕ್ಕೆ ಹಾಕಿದ ದುಡ್ಡು ನೀರಲ್ಲಿ ಹೋಮ.

ಕೆಲಸಕ್ಕೆ ಒಳ್ಳೆಯ ಹೊತ್ತು ಅಕ್ಟೋಬರ್ ಮಳೆ ಹಿಡಿತ ಬಿಟ್ಟ ಮೇಲೆ, ಸಾಧ್ಯವಾದರೆ ದೀಪಾವಳಿಗೆ ಮುಂಚೆ. ನೀರು ತುಂಬುವ ಹಬ್ಬದ ಮರುದಿನ ಬೆಳಗ್ಗೆ ಮನೆಮಂದಿಗೆಲ್ಲ ಎಣ್ಣೆಸ್ನಾನ. ಸೋಲಾರ್‌ಗೆ ವರ್ಷದ ದೊಡ್ಡ ಪರೀಕ್ಷೆ ಅದೇ.

ಫೋಮ್‌ನಿಂದ ಏನಾಗುತ್ತದೆ, ಏನಾಗುವುದಿಲ್ಲ

ಖರ್ಚು ಮಾಡುವ ಮುಂಚೆ ಒಂದು ಲೆಕ್ಕ ನೋಡಿಬಿಡಿ. ಮುಕ್ಕಾಲಿಂಚಿನ ಸಿಪಿವಿಸಿ (ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್) ಪೈಪ್ ಮೀಟರಿಗೆ ಹತ್ತಿರಹತ್ತಿರ 0.26 ಲೀಟರ್ ನೀರು ಹಿಡಿಯುತ್ತದೆ. ಒಂದಿಂಚಿನದು 0.43 ಲೀಟರ್. ಸೋಲಾರಿನಿಂದ ನಲ್ಲಿಯವರೆಗೆ 15 ಮೀಟರ್ ಇದ್ದರೆ ಮುಕ್ಕಾಲಿಂಚಿನಲ್ಲಿ ಸುಮಾರು 4 ಲೀಟರ್, ಒಂದಿಂಚಿನಲ್ಲಿ ಸುಮಾರು ಆರೂವರೆ ಲೀಟರ್ ನೀರು ನಿಂತಿರುತ್ತದೆ. ನೀವು ದಿನಾ ಬೆಳಗ್ಗೆ ಹೊರಗೆ ಬಿಡುವ ತಣ್ಣೀರು ಅಂದರೆ ಇದೇ.

ಈ ನಿಂತ ನೀರು ಎಷ್ಟು ಬೇಗ ತಣ್ಣಗಾಗುತ್ತದೆ? ಮುಕ್ಕಾಲಿಂಚಿನ ಬರಿ ಪೈಪಿನಲ್ಲಿ 60 ಡಿಗ್ರಿ ನೀರಿದೆ, ಹೊರಗೆ 16 ಡಿಗ್ರಿ, ಗಾಳಿ ಅಷ್ಟಾಗಿಲ್ಲ ಅಂದುಕೊಳ್ಳಿ. ಸುಮಾರು 20 ನಿಮಿಷದಲ್ಲಿ ಅದು 40 ಡಿಗ್ರಿಗೆ ಇಳಿಯುತ್ತದೆ. 13 ಮಿಲಿಮೀಟರ್ ದಪ್ಪದ ಫೋಮ್ ಹಾಕಿದರೆ ಅಷ್ಟೇ ಇಳಿಯಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಗಾಳಿ ಬೀಸುತ್ತಿದ್ದರೆ ಬರಿ ಪೈಪಿನ ಗತಿ ಇನ್ನೂ ಕೆಡುತ್ತದೆ.

ಅಂದರೆ ರಾತ್ರಿ ಹತ್ತಕ್ಕೆ ನಿಂತ ನೀರು ಬೆಳಗ್ಗೆ ಆರಕ್ಕೆ ಹೇಗಿದ್ದರೂ ತಣ್ಣಗೇ ಇರುತ್ತದೆ, ಫೋಮ್ ಇದ್ದರೂ ಅಷ್ಟೇ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಮೊದಲ ಬಕೆಟ್‌ನ ತಣ್ಣೀರನ್ನು ಫೋಮ್ ತಪ್ಪಿಸಲಾರದು. ಎರಡನೆಯವರು, ಮೂರನೆಯವರು ಸ್ನಾನಕ್ಕೆ ಹೋದಾಗ ಮತ್ತೆ ಅಷ್ಟೇ ತಣ್ಣೀರು ಬಿಡುವುದನ್ನು ತಪ್ಪಿಸುತ್ತದೆ. ಅಡುಗೆಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ಬಿಸಿನೀರು ತಿರುಗಿಸುವವರಿಗೂ ಲಾಭ. ನೀರು ಹರಿಯುತ್ತಿರುವಾಗ ಪೈಪಿನಲ್ಲಿ ಕಳೆಯುವ ಶಾಖ ಕಡಿಮೆ, ನಿಂತಾಗಲೇ ಜಾಸ್ತಿ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸುವ ಮನೆಯಲ್ಲಿ ಅರ್ಧ ಸಮಸ್ಯೆ ತಾನಾಗಿ ಕರಗುತ್ತದೆ.

ಮೊದಲ ನಾಲ್ಕೈದು ಲೀಟರ್ ತಣ್ಣೀರನ್ನು ಸುಮ್ನೆ ಮೋರಿಗೆ ಬಿಡಬೇಡಿ. ಒಂದು ಬಕೆಟ್ ಹಿಡಿದಿಡಿ. ನೆಲ ಒರೆಸಲು, ವಾಷಿಂಗ್ ಮೆಷಿನ್ನಿಗೆ ಆಗುತ್ತದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೇಲಕ್ಕೆ ಪಂಪ್ ಆಗಿ ಬರುವುದು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನೆನಪಿದೆ ಅಲ್ವಾ?

ಪೈಪಿನದೇ ತಪ್ಪಾ, ಮೊದಲು ನೋಡಿ

ಬಿಸಿನೀರು ಸರಿಯಾಗಿ ಬರದಿದ್ದರೆ ಎಲ್ಲದಕ್ಕೂ ಚಳಿಯೇ ಕಾರಣವಲ್ಲ. ಬಹಳ ಮನೆಗಳಲ್ಲಿ ನಿಜವಾದ ಕಳ್ಳ ಬಚ್ಚಲ ಗೋಡೆಯ ಮಿಕ್ಸರ್. ಬಿಸಿ, ತಣ್ಣೀರು ಎರಡೂ ತಿರುಪು ತೆರೆದಿಟ್ಟು ಹ್ಯಾಂಡ್ ಶವರಿನ ಗುಂಡಿಯಿಂದ ಮಾತ್ರ ಕೈ ತೆಗೆದಿರುತ್ತಾರೆ. ನೀರು ಹೊರಗೆ ಬರುವುದಿಲ್ಲ, ಆದರೆ ಒಳಗೆ ಎರಡೂ ಲೈನ್ ಸೇರಿರುತ್ತವೆ. ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಇದ್ದರಂತೂ ಅದು ಬಿಸಿ ಲೈನಿನೊಳಗೆ ನುಗ್ಗುತ್ತದೆ. ಪರೀಕ್ಷೆ ಸುಲಭ. ಬಚ್ಚಲಿಗೆ ಇಳಿಯುವ ತಣ್ಣೀರಿನ ವಾಲ್ವ್ ಮುಚ್ಚಿ. ಸೋಲಾರ್‌ಗೆ ನೀರು ಕೊಡುವ ವಾಲ್ವನ್ನು ಮುಟ್ಟಬೇಡಿ. ಈಗ ಬಿಸಿ ನಲ್ಲಿ ತಿರುಗಿಸಿ. ಚೆನ್ನಾಗಿ ಬಿಸಿ ಬಂದರೆ ಫೋಮ್ ಬೇಡ, ಮಿಕ್ಸರ್ ನೋಡಿಸಿ.

ನಲ್ಲಿ ಬುಸುಬುಸು ಅಂತ ಉಗುಳುತ್ತಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ತಾರಸಿ ಮೇಲೆ ಪೈಪ್ ಎಲ್ಲಾದರೂ ಕಮಾನಿನ ಹಾಗೆ ಎದ್ದು ಮತ್ತೆ ಇಳಿದಿದೆಯಾ ನೋಡಿ. ಅದನ್ನು ಒಂದೇ ಇಳಿಜಾರಿಗೆ ತರಬೇಕು.

ಆಮೇಲೆ ಸೋರಿಕೆ. ಜಾಯಿಂಟ್‌ಗಳ ಸುತ್ತ ಬೆರಳಾಡಿಸಿ. ಬೋರ್‌ವೆಲ್ ನೀರಿನ ಮನೆಯಾದರೆ ಜಿನುಗುವ ಕಡೆ ಬಿಳಿ ಉಪ್ಪು ಗರಿಗರಿಯಾಗಿ ಕಟ್ಟಿರುತ್ತದೆ. ಒದ್ದೆ ಕಾಣದಿದ್ದರೂ ಆ ಬಿಳಿ ಕಲೆ ಸಾಕು ಸಾಕ್ಷಿ. ಸೋರುವ ಜಾಯಿಂಟಿನ ಮೇಲೆ ಫೋಮ್ ಹಾಕಿದರೆ ನೀರು ಒಳಗೊಳಗೇ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ, ಹುಡುಕಲು ಆಗುವುದಿಲ್ಲ. ಹೊಸ ಜಾಯಿಂಟ್ ಹಾಕಿಸಿದರೆ ಒಂದು ದಿನ ನೀರು ತುಂಬಿಟ್ಟು, ಒಣಗಿದೆ ಅಂತ ಖಾತ್ರಿಯಾದ ಮೇಲೆ ಮುಚ್ಚಿ.

ಕೊನೆಯದಾಗಿ ಪೈಪ್ ಯಾವುದು ಅಂತ ತಿಳಿದುಕೊಳ್ಳಿ. ಕೆನೆಬಣ್ಣದ್ದು ಸಾಮಾನ್ಯವಾಗಿ ಸಿಪಿವಿಸಿ, ಬಿಸಿನೀರಿಗೆ ಆಗುತ್ತದೆ. ಅದರ ಮೈಮೇಲೆ ಐಎಸ್ 15778 ಅಂತ ಅಚ್ಚಾಗಿರಬೇಕು. ಬಿಳಿಯ ಯುಪಿವಿಸಿ ತಣ್ಣೀರಿಗೆ ಮಾತ್ರ. ದುಡ್ಡು ಉಳಿಸಲು ಯಾರಾದರೂ ಸೋಲಾರ್ ಲೈನಿಗೆ ಬಿಳಿ ಪೈಪ್ ಹಾಕಿದ್ದರೆ ಅದನ್ನು ಮೊದಲು ಬದಲಾಯಿಸಿ. ಹಳೆ ಮನೆಗಳಲ್ಲಿ ಜಿಐ, ಅಂದರೆ ಸತುವಿನ ಲೇಪದ ಕಬ್ಬಿಣದ ಪೈಪ್ ಇರುತ್ತದೆ. ತುಕ್ಕು ಹಿಡಿದಿದ್ದರೆ ಅದಕ್ಕೂ ಫೋಮ್ ದಂಡ.

ಏನೇನು ತರಬೇಕು

ಅಂಗಡಿಯಲ್ಲಿ “ಎಸಿ ಪೈಪಿಗೆ ಹಾಕುವ ಕರಿ ಫೋಮ್ ಟ್ಯೂಬ್” ಅಂದರೆ ಅರ್ಥವಾಗುತ್ತದೆ. ಇದು ನೈಟ್ರೈಲ್ ರಬ್ಬರ್. ಎಸ್.ಜೆ.ಪಿ. ರಸ್ತೆಯ ಕಡೆ ಹೋದರೆ ಆಯ್ಕೆ ಜಾಸ್ತಿ, ಏರಿಯಾದ ಎಸಿ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಆರಡಿ ಆಸುಪಾಸಿನ ತುಂಡುಗಳಾಗಿ ಬರುತ್ತದೆ. ದಪ್ಪ 13 ಮಿಲಿಮೀಟರ್ ತೆಗೆದುಕೊಳ್ಳಿ. 9 ತೀರಾ ತೆಳು. 19ಕ್ಕೆ ಕೊಡುವ ಹೆಚ್ಚಿನ ದುಡ್ಡಿಗೆ ನಮ್ಮ ಚಳಿಯಲ್ಲಿ ಸಿಗುವುದು ಹತ್ತು ನಿಮಿಷದ ಬಿಸಿ, ಅಷ್ಟೇ.

ಬಿಳಿ ಅಥವಾ ಬೂದು ಬಣ್ಣದ ಪಾಲಿಥೀನ್ ಫೋಮ್ ಅಗ್ಗ. ಆದರೆ ಬೇಸಿಗೆಯಲ್ಲಿ ನೀರು ಬಳಸದೆ ಬಿಟ್ಟ ಸೋಲಾರ್ ಟ್ಯಾಂಕ್ 80 ಡಿಗ್ರಿ ದಾಟಬಹುದು. ಆ ಬಿಸಿಗೆ ಅದು ತನ್ನ ಮಿತಿಯ ಹತ್ತಿರ ಹೋಗುತ್ತದೆ. ನೈಟ್ರೈಲ್ 105 ಡಿಗ್ರಿವರೆಗೆ ತಡೆಯುತ್ತದೆ. ಹಳೆ ಗೋಣಿಚೀಲ ಸುತ್ತಿ ಬೈಂಡಿಂಗ್ ವೈರ್ ಕಟ್ಟುವ ಪದ್ಧತಿ ಇನ್ನೂ ಇದೆ. ಮಳೆ ಬಂದ ದಿನ ಅದು ನೀರು ಕುಡಿದು ಪೈಪನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ. ಬೇಡ.

ಟ್ಯೂಬಿನ ಒಳಸುತ್ತು ಸರಿಯಾಗಿರುವುದು ಮುಖ್ಯ. ಇದಕ್ಕೆ ಸ್ಕೇಲ್ ಸಾಲದು, ಒಂದು ದಾರ ಸಾಕು. ದಾರವನ್ನು ಪೈಪಿಗೆ ಒಂದು ಸುತ್ತು ಬಿಗಿಯಾಗಿ ಸುತ್ತಿ, ಸೇರುವ ಜಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಬಿಡಿಸಿ ಅಳೆಯಿರಿ. ಸಿಪಿವಿಸಿಯಲ್ಲಿ 5 ಸೆಂಟಿಮೀಟರ್ ಬಂದರೆ ಅರ್ಧ ಇಂಚು, 7 ಬಂದರೆ ಮುಕ್ಕಾಲಿಂಚು, 9 ಬಂದರೆ ಒಂದಿಂಚು. ಮುಕ್ಕಾಲಿಂಚಿನ ಪೈಪಿನ ಹೊರ ಅಳತೆ 22.2 ಮಿಲಿಮೀಟರ್, ಅದಕ್ಕೆ 22ರ ಟ್ಯೂಬ್. ಒಂದಿಂಚಿನದು 28.6, ಅದಕ್ಕೆ 28ರ ಟ್ಯೂಬ್. ಸಡಿಲ ಟ್ಯೂಬ್ ತಂದರೆ ಪೈಪಿಗೂ ಫೋಮಿಗೂ ಮಧ್ಯೆ ಗಾಳಿ ಓಡಾಡುತ್ತದೆ, ಮಳೆನೀರೂ ಕೂರುತ್ತದೆ.

ಇದಲ್ಲದೆ ಚೂಪಾದ ಕಟರ್, ಫೋಮ್ ಅಂಟಿಸಲು ಹಳದಿ ರಬ್ಬರ್ ಸೊಲ್ಯೂಶನ್, ದೊಡ್ಡ ಅಳತೆಯ ಕ್ಲ್ಯಾಂಪ್, ಹೊರಗೋಡೆಗೆ ಬಳಿಯುವ ನೀರಿನ ಪೇಂಟ್, ಒಂದೆರಡು ಹಳೆ ಬಟ್ಟೆ.

ತೊಡಿಸುವ ಕೆಲಸ

ಬೆಳಗ್ಗೆ ಬೇಗ ಶುರುಮಾಡಿ. ಸೋಲಾರ್‌ನ ಬ್ಯಾಕಪ್ ಹೀಟರ್ ಇದ್ದರೆ ಅದರ ಎಂಸಿಬಿ ಇಳಿಸಿ. ಬಿಸಿನೀರಿನ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ತೆರೆದು ಪೈಪಿನ ನೀರು ಖಾಲಿ ಮಾಡಿ. ಟ್ಯಾಂಕಿನ ಪಕ್ಕ ಬಗ್ಗಿ ಕೂರುವಾಗ ಗಾಜಿನ ಟ್ಯೂಬುಗಳ ಮೇಲೆ ನಿಗಾ ಇರಲಿ. ಪ್ಯಾರಾಪೆಟ್ ಮೇಲೆ ಕೂತು ಹೊರಗೋಡೆಯ ಪೈಪಿಗೆ ಕೈಚಾಚುವ ಸಾಹಸ ಬೇಡ. ಆ ಭಾಗಕ್ಕೆ ಏಣಿ, ಹಗ್ಗ ಇರುವವರನ್ನು ಕರೆಸಿ.

ಪೈಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಟ್ಯಾಂಕಿನ ಬಿಸಿನೀರು ಹೊರಡುವ ಬಾಯಿಂದ ಆರಂಭಿಸಿ ಕೆಳಗಿಳಿಯುವ ಡಕ್ಟ್ ಕಡೆಗೆ ಹೋಗಿ. ಬಜೆಟ್ ಸಾಲದಿದ್ದರೆ ಟ್ಯಾಂಕಿನಿಂದ ಡಕ್ಟ್‌ವರೆಗಿನ ಭಾಗ ಮಾತ್ರ ಮಾಡಿ. ಗೋಡೆಯೊಳಗೆ ಹುದುಗಿರುವ ಪೈಪಿಗೆ ಈಗ ಏನೂ ಮಾಡಲಾಗುವುದಿಲ್ಲ.

ಟ್ಯೂಬನ್ನು ಉದ್ದಕ್ಕೆ ಒಂದೇ ಕಡೆ ಸೀಳಿ. ಕಟರನ್ನು ಎಳೆಯುತ್ತಾ ಹೋಗಿ, ಗರಗಸದ ಹಾಗೆ ಹಿಂದೆಮುಂದೆ ಆಡಿಸಬೇಡಿ, ಅಂಚು ಹರಿದು ಹೋಗುತ್ತದೆ. ಪೈಪಿಗೆ ತೊಡಿಸಿ, ಸೀಳು ಕೆಳಮುಖವಾಗುವಂತೆ ತಿರುಗಿಸಿ. ಮೇಲ್ಮುಖ ಬಿಟ್ಟರೆ ಮೊದಲ ಮಳೆಗೇ ನೀರು ಇಳಿಯುತ್ತದೆ. ಸೀಳಿನ ಎರಡೂ ತುಟಿಗೆ ಸೊಲ್ಯೂಶನ್ ತೆಳುವಾಗಿ ಹಚ್ಚಿ. ಹಚ್ಚಿದ ತಕ್ಷಣ ಒತ್ತಿದರೆ ಹಿಡಿಯುವುದಿಲ್ಲ. ಬೆರಳ ಬೆನ್ನಿನಿಂದ ಮುಟ್ಟಿ ನೋಡಿ, ಅಂಟು ಕೈಗೆ ಎದ್ದು ಬರದಷ್ಟು ಒಣಗಿದ ಮೇಲೆ ಎರಡೂ ತುಟಿ ಸೇರಿಸಿ ಗಟ್ಟಿಯಾಗಿ ಒತ್ತಿ. ಅಂಟು ಫೋಮಿಗೆ ಮಾತ್ರ, ಪೈಪಿಗೆ ತಾಗದಿರಲಿ.

ಎರಡು ತುಂಡು ಸೇರುವ ಕಡೆ ಸಾಮಾನ್ಯವಾಗಿ ಸಂದಿ ಉಳಿಯುತ್ತದೆ. ಪ್ರತಿ ತುಂಡನ್ನೂ ಬೇಕಾದ್ದಕ್ಕಿಂತ ಒಂದು ಬೆರಳಗಲ ಉದ್ದ ಕತ್ತರಿಸಿ, ಒತ್ತಿ ಕೂರಿಸಿ, ಅಂಟಿಸಿ. ಪೈಪ್ ತಿರುಗುವ ಎಲ್ಬೋ ಬಂದಾಗ ಎರಡೂ ತುಂಡಿನ ತುದಿಯನ್ನು 45 ಡಿಗ್ರಿ ಓರೆಗೆ ಕತ್ತರಿಸಿ ಸೇರಿಸಬೇಕು. ಪೈಪ್ ಕವಲೊಡೆಯುವ ಟೀ ಜಾಯಿಂಟ್ ಇರುವಲ್ಲಿ ನೇರ ತುಂಡಿನ ಪಕ್ಕದಲ್ಲಿ ವಿ ಆಕಾರದ ಕಚ್ಚು ತೆಗೆದು, ಕವಲಿನ ತುದಿಯನ್ನು ಅದಕ್ಕೆ ಹೊಂದುವಂತೆ ಮೊನೆ ಮಾಡಿ ಕೂರಿಸಿ. ಬಹಳ ಪ್ಲಂಬರ್‌ಗಳು ನೇರ ಭಾಗಕ್ಕೆ ಮಾತ್ರ ಹಾಕಿ ಎಲ್ಬೋ, ಟೀಗಳನ್ನು ಬೆತ್ತಲೆ ಬಿಟ್ಟು ಹೋಗುತ್ತಾರೆ. ದುಡ್ಡು ಕೊಡುವ ಮುಂಚೆ ಒಂದು ಸುತ್ತು ಹೊಡೆದು ನೋಡಿ.

ವಾಲ್ವ್ ಹಿಡಿ, ಯೂನಿಯನ್ (ಬಿಚ್ಚಿ ಸೇರಿಸುವ ಜಾಯಿಂಟ್) ಇವುಗಳನ್ನು ಅಂಟಿಸಿ ಮುಚ್ಚಬೇಡಿ. ಅಲ್ಲಿ ಬಿಡಿಸಿ ತೆಗೆಯುವಂಥ ಒಂದು ತುಂಡು ಸುತ್ತಿ ಕಟ್ಟಿದರೆ ಸಾಕು. ಟ್ಯಾಂಕಿನ ಮೇಲೆ ಬಾಯ್ದೆರೆದು ನಿಂತಿರುವ ಏರ್ ವೆಂಟ್ ಪೈಪನ್ನಂತೂ ಯಾವ ಕಾರಣಕ್ಕೂ ಮುಚ್ಚಬಾರದು. ಒಳಗಿನ ಆವಿ, ಗಾಳಿ ಓಡಾಡುವ ದಾರಿ ಅದು. ಮುಚ್ಚಿದರೆ ಟ್ಯಾಂಕಿಗೇ ಪೆಟ್ಟು.

ಕ್ಲ್ಯಾಂಪ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಸಿಪಿವಿಸಿ ಬಿಸಿಗೆ ಉದ್ದವಾಗುತ್ತದೆ. 10 ಮೀಟರ್ ಪೈಪ್ 40 ಡಿಗ್ರಿ ಏರಿದರೆ ಸುಮಾರು ಎರಡೂವರೆ ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ ಒಂದಿಂಚು. ಮಧ್ಯಾಹ್ನ ಬೆಳೆದು ರಾತ್ರಿ ಕುಗ್ಗುತ್ತದೆ, ದಿನಾ. ಕ್ಲ್ಯಾಂಪ್ ಬಿಗಿಯಾಗಿ ಕಚ್ಚಿದ್ದರೆ ಆ ಒತ್ತಡ ಎಲ್ಬೋ ಮೇಲೆ ಬೀಳುತ್ತದೆ. ತಾರಸಿಯಲ್ಲಿ ಎಲ್ಬೋಗಳೇ ಮತ್ತೆ ಮತ್ತೆ ಸೋರುವುದಕ್ಕೆ ಇದೂ ಒಂದು ಕಾರಣ. ಸುಮಾರು ಮೂರಡಿಗೆ ಒಂದರಂತೆ, ಫೋಮಿನ ಮೇಲಿಂದ, ಪೈಪ್ ಜಾರಲು ಬಿಡುವಷ್ಟು ಸಡಿಲವಾಗಿ ಹಾಕಿ. ನೆಲದ ಮೇಲೆ ಮಲಗಿರುವ ಪೈಪಿಗೆ ಇಟ್ಟಿಗೆ ತುಂಡು ಕೊಟ್ಟು ಎತ್ತರಿಸಿ. ಮಳೆನೀರಿನಲ್ಲಿ ಫೋಮ್ ಮುಳುಗಿರಬಾರದು.

ಬಿಸಿಲಿಗೆ ಮುಚ್ಚುವುದು

ಈ ಹಂತಕ್ಕೆ ಬರುವಷ್ಟರಲ್ಲಿ ಸಾಕಪ್ಪಾ ಅನ್ನಿಸಿರುತ್ತದೆ. ಇಲ್ಲಿ ನಿಲ್ಲಿಸಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತಂಪಿದ್ದರೂ ಬಿಸಿಲು ಚುರುಕು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡ ಊರಿದು. ಬಿಸಿಲಿನ ಅತಿನೇರಳೆ ಕಿರಣ ಕರಿ ಫೋಮನ್ನೂ ಒಣಗಿಸಿ ಸೀಳುತ್ತದೆ, ಬರಿ ಸಿಪಿವಿಸಿಯನ್ನೂ ಬಣ್ಣಗೆಡಿಸಿ ಪೆಡಸು ಮಾಡುತ್ತದೆ.

ನೆಲದ ಮೇಲೆ ಅಡ್ಡ ಹೋಗುವ ಭಾಗಕ್ಕೆ ನನ್ನ ಆಯ್ಕೆ ದೊಡ್ಡ ಪಿವಿಸಿ ಪೈಪಿನ ಹೊದಿಕೆ. ಮುಕ್ಕಾಲಿಂಚಿನ ಪೈಪಿಗೆ 13ರ ಫೋಮ್ ಹಾಕಿದರೆ ಒಟ್ಟು ಅಗಲ 48 ಮಿಲಿಮೀಟರ್ ಆಗುತ್ತದೆ. 63 ಮಿಲಿಮೀಟರಿನ ತೆಳು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿ ಅದರ ಮೇಲೆ ತೊಡಿಸಿದರೆ ಆರಾಮಾಗಿ ಕೂರುತ್ತದೆ. ಒಂದಿಂಚಿನ ಪೈಪಿಗೂ ಅದೇ ಆಗುತ್ತದೆ. ಸೀಳು ಇಲ್ಲೂ ಕೆಳಗಿರಲಿ. ಬಟ್ಟೆ ಒಣಹಾಕಲು ಬಂದವರು ತುಳಿದರೂ ಚಿಂತೆಯಿಲ್ಲ. ಅಳಿಲು, ಇಲಿ ಫೋಮ್ ಕಿತ್ತು ಗೂಡಿಗೆ ಒಯ್ಯುವುದೂ ನಿಲ್ಲುತ್ತದೆ. ಮರ ತಾರಸಿಗೆ ಬಾಗಿರುವ ಮಲ್ಲೇಶ್ವರ, ಬಸವನಗುಡಿಯಂಥ ಕಡೆ ಇದು ಸಣ್ಣ ವಿಷಯವಲ್ಲ.

ಗೋಡೆಗೆ ಅಂಟಿಕೊಂಡು ಲಂಬವಾಗಿ ಇಳಿಯುವ ಭಾಗಕ್ಕೆ ಪೇಂಟ್ ಸಾಕು. ಅಂಟು ಪೂರ್ತಿ ಒಣಗಲಿ, ಮರುದಿನ ಬಳಿಯಿರಿ. ಹೊರಗೋಡೆಯ ಅಕ್ರಿಲಿಕ್ ಪೇಂಟ್, ಬಿಳಿ ಅಥವಾ ತಿಳಿ ಬಣ್ಣ, ಎರಡು ಕೋಟ್. ಅಲ್ಯೂಮಿನಿಯಂ ಟೇಪ್ ಸುತ್ತುವುದೂ ಉಂಟು. ಸುತ್ತುವುದಾದರೆ ಕೆಳಗಿನಿಂದ ಮೇಲಕ್ಕೆ, ಹಿಂದಿನ ಸುತ್ತಿನ ಅರ್ಧ ಮುಚ್ಚುವಂತೆ ಸುತ್ತಿ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಮಡಿಕೆಯಲ್ಲೂ ಮಳೆನೀರು ನಿಲ್ಲುತ್ತದೆ.

ಬರಿ ಸಿಪಿವಿಸಿ, ಯುಪಿವಿಸಿ ಪೈಪುಗಳಿಗೂ ಇದೇ ನೀರಿನ ಪೇಂಟ್ ಬಳಿಯಿರಿ. ಗೇಟಿಗೆ ಹಚ್ಚಿ ಉಳಿದ ಆಯಿಲ್ ಪೇಂಟ್, ಎನಾಮಲ್ ಬೇಡವೇ ಬೇಡ. ಥಿನ್ನರ್ ಪ್ಲಾಸ್ಟಿಕ್ಕಿಗೆ ಆಗುವುದಿಲ್ಲ. ಹಾಗೆಯೇ ಕರಿ ಇನ್ಸುಲೇಶನ್ ಟೇಪನ್ನು ನೇರವಾಗಿ ಸಿಪಿವಿಸಿ ಮೈಗೆ ಸುತ್ತಬೇಡಿ. ಅದನ್ನು ಮೆತ್ತಗಿಡಲು ಸೇರಿಸಿರುವ ರಾಸಾಯನಿಕ ಸಿಪಿವಿಸಿಗೆ ಇಳಿದರೆ ಪೈಪ್ ಬಿರುಕು ಬಿಡುತ್ತದೆ.

ಕಾಂಪೌಂಡಿನ ನಲ್ಲಿ

ಗೇಟಿನ ಪಕ್ಕದ ನಲ್ಲಿಗೆ ಫೋಮ್ ಬೇಕಿಲ್ಲ. ಅದಕ್ಕೆ ಬಿಸಿಲು, ಕಾರಿನ ಬಂಪರ್, ನೀರಿನ ಗಡಸುತನ ಈ ಮೂರೇ ಶತ್ರು. ಪೈಪಿಗೆ ಪೇಂಟ್ ಬಳಿದು, ಗೋಡೆಗೆ ಗಟ್ಟಿ ಕ್ಲ್ಯಾಂಪ್ ಹಾಕಿ. ಬಾಲ್ ವಾಲ್ವನ್ನು ತಿಂಗಳಿಗೊಮ್ಮೆ ಮುಚ್ಚಿ ತೆರೆಯಿರಿ. ಬೋರ್ ನೀರಿನ ಉಪ್ಪು ಕೂತು ಗಟ್ಟಿಯಾದರೆ ಬೇಕಾದ ಹೊತ್ತಿಗೆ ತಿರುಗುವುದಿಲ್ಲ.

ಚಳಿ ದೇಶದ ಮನೆಯಾದರೆ

ಮಕ್ಕಳ ಮನೆಗೆಂದು ಅಮೆರಿಕ, ಕೆನಡಾ, ಇಂಗ್ಲೆಂಡಿಗೆ ಹೋಗಿ ಚಳಿಗಾಲ ಕಳೆಯುವ ಅಪ್ಪ-ಅಮ್ಮಂದಿರು ಈಗ ಬಹಳ. ಅಲ್ಲಿಯ ಲೆಕ್ಕ ಬೇರೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಗಡ್ಡೆಗೂ ಮುಚ್ಚಿದ ನಲ್ಲಿಗೂ ಮಧ್ಯೆ ಸಿಕ್ಕಿಕೊಂಡ ನೀರಿಗೆ ಹೋಗಲು ಜಾಗವಿರುವುದಿಲ್ಲ, ಆ ಒತ್ತಡಕ್ಕೆ ಪೈಪ್ ಒಡೆಯುತ್ತದೆ. ಗಡ್ಡೆ ಕರಗಿದ ಮೇಲೆಯೇ ಅದು ಗೊತ್ತಾಗುವುದು, ಅಷ್ಟರಲ್ಲಿ ನೀರು ಮನೆಯೊಳಗೆ. ಅಲ್ಲಿ ಫೋಮ್ ಎರಡನೆಯ ಮಾತು. ಮೊದಲು ತೋಟದ ಹೋಸ್ ಕಳಚಬೇಕು. ಮನೆಯೊಳಗಿನಿಂದ ಆ ನಲ್ಲಿಗೆ ಹೋಗುವ ವಾಲ್ವ್ ಮುಚ್ಚಬೇಕು. ಆಮೇಲೆ ಹೊರಗಿನ ನಲ್ಲಿ ತೆರೆದು ಉಳಿದ ನೀರು ಹರಿಸಿ, ಚಳಿಗಾಲ ಮುಗಿಯುವವರೆಗೆ ಹಾಗೇ ತೆರೆದಿಡಬೇಕು. ಕೊನೆಗೆ ನಲ್ಲಿಗೆ ಫೋಮಿನ ಟೋಪಿ. “ನಲ್ಲಿ ಯಾಕೆ ತೆರೆದಿಟ್ಟಿದ್ದಾರೆ” ಅಂತ ಇಲ್ಲಿಯ ಅಭ್ಯಾಸದಲ್ಲಿ ಹೋಗಿ ಮುಚ್ಚಿಬಿಡಬೇಡಿ.

ವರ್ಷಕ್ಕೊಮ್ಮೆ ನೋಡಬೇಕಾದ್ದು

ಶಿವರಾತ್ರಿ ಕಳೆದು ಬಿಸಿಲು ಏರುವ ಮುಂಚೆ ಒಮ್ಮೆ ತಾರಸಿ ಹತ್ತಿ. ಪೇಂಟ್ ಎದ್ದು ಕರಿ ಫೋಮ್ ಕಾಣುತ್ತಿದೆಯಾ? ಅಲ್ಲಿಗೆ ಮಾತ್ರ ಒಂದು ಕೋಟ್ ಕೊಡಿ. ಸೀಳು ಬಾಯಿಬಿಟ್ಟಿದ್ದರೆ ಮತ್ತೆ ಅಂಟಿಸಿ. ಹೊದಿಕೆಯ ಪಿವಿಸಿ ಪೆಡಸಾಗಿದ್ದರೆ ಅದೊಂದನ್ನೇ ಬದಲಿಸಿ, ಒಳಗಿನ ಫೋಮ್ ಚೆನ್ನಾಗಿಯೇ ಇರುತ್ತದೆ. ಫೋಮಿನ ತಗ್ಗಿನ ತುದಿಯನ್ನು ಬೆರಳಿಂದ ಹಿಚುಕಿ ನೋಡಿ. ಮಳೆಯಿಲ್ಲದ ತಿಂಗಳಲ್ಲೂ ನೀರು ಒಸರಿದರೆ ಒಳಗೆ ಯಾವುದೋ ಜಾಯಿಂಟ್ ಸೋರುತ್ತಿದೆ ಅಂತ ಲೆಕ್ಕ. ಆ ತುಂಡನ್ನು ಬಿಚ್ಚಿ ಹುಡುಕಿ.